ಚಾಲಕನ ಕಣ್ಣು, ಸಾಹುಕಾರನ ಭಾಂಡವಲು

ಉಳ್ಳಾಗಡ್ಡಿಯ ಸುಗ್ಗಿಯ ದಿನಗಳಲ್ಲಿ ಸಾಯಂಕಾಲದ ಹೊತ್ತು ಗದಗ-ಬೆಟಗೇರಿಯ ಪೇಟೆಯ ಕಡೆಗೆ ಹೋದವರಿಗೆ ಲಾರಿಗಳ ಸಾಲು ಹೊಸ ನೋಟವಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯಿಂದ ಬಂದ ಮಾಲು ಹಮಾಲರ ಬೆನ್ನ ಮೇಲಿಂದ ಲಾರಿಯನ್ನು ಸೇರಿ, ಹಗ್ಗ ಬಿಗಿದು, ತಾಡಪತ್ರಿ ಹೊದಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿರುತ್ತದೆ. ಸುಮಾರು ನಾಲ್ಕುನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಅದು ಬೆಳಗಿನ ಲಿಲಾವಿನ ಒಳಗೆ ಮುಟ್ಟಬೇಕು. ಹಗಲೆಲ್ಲ ಭರ್ತಿಗಾಗಿ ಕಾಯ್ದು ಕುಳಿತ ಚಾಲಕನೇ ರಾತ್ರಿಯೆಲ್ಲ ಲಾರಿಯನ್ನು ನಡೆಸಬೇಕು. ಮಾಲಿಗೆ ಪಾವತಿಯುಂಟು, ಲಾರಿಗೆ ವಿಮೆಯುಂಟು, ದಲಾಲಿಗೆ ಲೆಕ್ಕವುಂಟು. ಆದರೆ ಆ ಮನುಷ್ಯನು ಹಿಂದಿನ ಇಪ್ಪತ್ತುನಾಲ್ಕು ತಾಸುಗಳಲ್ಲಿ ಎಷ್ಟು ಹೊತ್ತು ನಿದ್ದೆ ಮಾಡಿದ್ದಾನೆಂಬದನ್ನು ಬರೆದಿಡಲು ಯಾವ ವಹಿಯಲ್ಲಿಯೂ ಒಂದು ಕಾಲಮು ಇಲ್ಲ.

ಈ ಲೆಕ್ಕವನ್ನು ಇಡುವೆನೆಂದು ಈಗ ಒಂದು ಯಂತ್ರವು ಮುಂದೆ ಬಂದಿದೆ. ಅದು ಚಾಲಕನ ಮುಖದ ಎದುರಿಗೆ ಕುಳಿತು ಅವನ ರೆಪ್ಪೆಯನ್ನೂ ಕಣ್ಣುಗುಡ್ಡೆಯನ್ನೂ ನೋಡುತ್ತ, ಜೋಂಪು ಹತ್ತಿದ ಕೂಡಲೆ ಕೂಗಿ ಎಬ್ಬಿಸುತ್ತದೆ. ಸ್ವೀಡನ್, ಆಸ್ಟ್ರೇಲಿಯಾ, ಅಮೇರಿಕಾ ದೇಶಗಳಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೂ ಇದನ್ನು ನಿರ್ಮಿಸುವ ಕಂಪನಿಗಳಲ್ಲಿ ಭಾಂಡವಲು ಹಾಕಲು ದೊಡ್ಡ ದೊಡ್ಡ ಸಾಹುಕಾರರು ಮುಂದಾಗಿದ್ದಾರೆ. ಮನುಷ್ಯನ ಪ್ರಾಣವನ್ನು ಉಳಿಸುವ ಕಾರ್ಯದಲ್ಲಿ ಹಣ ತೊಡಗುವದು ಸಂತೋಷದ ಸಂಗತಿಯೇ ಸರಿ. ಆದರೆ ಈ ಹಣವು ಏತಕ್ಕಾಗಿ ಬರುತ್ತಿದೆ, ಅದು ಕೊಳ್ಳುವ ಕಣ್ಣು ಯಾರ ಸೇವೆಯನ್ನು ಮಾಡಲಿದೆ, ನಿದ್ದೆಗೆಟ್ಟವನಿಗೆ ಅದರಿಂದ ನಿದ್ದೆ ದೊರೆಯುವದೋ ಇಲ್ಲವೇ ದಂಡ ದೊರೆಯುವದೋ ಎಂಬ ಪ್ರಶ್ನೆಗಳನ್ನು ಈಗಲೇ ಕೇಳಿಕೊಳ್ಳದಿದ್ದರೆ, ಮುಂದೆ ಕೇಳಲು ಅವಕಾಶವಿರಲಿಕ್ಕಿಲ್ಲ.

ಮೂರು ಸೆಕೆಂಡಿನ ಬೆಲೆ

ವಿಷಯವು ಎಷ್ಟು ಗಂಭೀರವಾದದ್ದೆಂಬದಕ್ಕೆ ದೂರದ ಉದಾಹರಣೆ ಬೇಡ. 2024ರ ಜೂನ್ 28ರ ಬೆಳಗಿನ ಜಾವದಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿನಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ, ನಿಂತಿದ್ದ ಲಾರಿಗೆ ಹಿಂದಿನಿಂದ ಒಂದು ಪ್ರವಾಸಿ ವಾಹನವು ಬಡಿಯಿತು. ದೇವಿಯ ದರ್ಶನವನ್ನು ಮುಗಿಸಿಕೊಂಡು ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲೂಕಿನ 13 ಜನರು ಮೃತರಾದರು. ಅಪಘಾತದ ಕಾರಣವನ್ನು ನಿರ್ಣಯಿಸುವದು ತನಿಖೆ ಮಾಡುವವರ ಕೆಲಸ. ನಾವು ಆ ಹೊತ್ತಿನ ಕಡೆಗೆ ಮಾತ್ರ ವಾಚಕರ ಲಕ್ಷ್ಯವನ್ನು ಸೆಳೆಯುತ್ತೇವೆ. ನಡುರಾತ್ರಿ ಕಳೆದ ಮೇಲೆ ಕೋಳಿ ಕೂಗುವ ವರೆಗಿನ ಕಾಲದಲ್ಲಿ ಮನುಷ್ಯನ ಶರೀರವು ನಿದ್ದೆಯನ್ನು ಬೇಡುವದಿಲ್ಲ, ತಾನಾಗಿಯೇ ತೆಗೆದುಕೊಳ್ಳುತ್ತದೆ. ಎಷ್ಟೇ ಅನುಭವಿಕನಾದ ಚಾಲಕನಿಗೂ ಇದರಿಂದ ವಿನಾಯಿತಿಯಿಲ್ಲ. ಚಹಾ ಕುಡಿದು, ತಂಬಾಕು ಹಾಕಿಕೊಂಡು, ಮುಖಕ್ಕೆ ನೀರು ಎರಚಿಕೊಂಡು ಆತನು ಅದನ್ನು ಸ್ವಲ್ಪ ಮುಂದೂಡಬಹುದು, ಗೆಲ್ಲಲಾರನು.

ತಾಸಿಗೆ 60 ಕಿಲೋಮೀಟರು ವೇಗದಿಂದ ಹೋಗುವ ಲಾರಿಯು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದೆ ಸಾಗುತ್ತದೆ. ಚಾಲಕನ ಕಣ್ಣು ಮೂರು ಸೆಕೆಂಡು ಮುಚ್ಚಿದರೆ ಐವತ್ತು ಮೀಟರಿನಷ್ಟು ದಾರಿಯನ್ನು ಭರ್ತಿ ತುಂಬಿದ ಲಾರಿಯು ಕಾಣುವವರಿಲ್ಲದೆ ಕ್ರಮಿಸಿಬಿಡುತ್ತದೆ. ಹುಬ್ಬಳ್ಳಿ-ಗದಗ-ಹೊಸಪೇಟೆಯ ಹೆದ್ದಾರಿಯಲ್ಲಾಗಲಿ, ಮುಂಡರಗಿಯ ದಾರಿಯಲ್ಲಾಗಲಿ, ದೀಪವಿಲ್ಲದ ಟ್ರಾಕ್ಟರು, ರಸ್ತೆ ದಾಟುವ ಎತ್ತು, ಮಗ್ಗುಲಲ್ಲಿ ನಿಂತ ಬಂಡಿ ಇವುಗಳಲ್ಲಿ ಯಾವದಾದರೊಂದು ಆ ಐವತ್ತು ಮೀಟರಿನೊಳಗೆ ಇರುವದು ಅಪರೂಪವಲ್ಲ.

2022ರಲ್ಲಿ ಭಾರತದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಜನರು ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸಾರಿಗೆ ಮಂತ್ರಾಲಯದ ವರದಿಯು ಹೇಳುತ್ತದೆ. ದಿನವೊಂದಕ್ಕೆ ಸುಮಾರು 460 ಜನರಾದರು! ಆ ವರದಿಯಲ್ಲಿ ನಿಯಮಭಂಗದ ಕೋಷ್ಟಕವೊಂದಿದೆ. ಅತಿವೇಗ, ಮದ್ಯಪಾನ, ತಪ್ಪು ದಿಕ್ಕಿನಿಂದ ನಡೆಸುವದು, ಕೆಂಪು ದೀಪವನ್ನು ದಾಟುವದು, ಫೋನಿನಲ್ಲಿ ಮಾತಾಡುವದು ಇವಕ್ಕೆಲ್ಲ ಬೇರೆ ಬೇರೆ ಮನೆಗಳುಂಟು, ನಿದ್ದೆಗೆ ಮನೆಯಿಲ್ಲ. ನಿದ್ದೆಗಣ್ಣಿನಿಂದ ಸತ್ತವರೂ ಸಾಯಿಸಿದವರೂ ಅತಿವೇಗದ ಲೆಕ್ಕದಲ್ಲಿಯೋ ಇತರ ಎಂಬ ಲೆಕ್ಕದಲ್ಲಿಯೋ ಹೂತುಹೋಗುತ್ತಾರೆ. ಪೇಟೆಯ ವಹಿಯಲ್ಲಿ ಇಲ್ಲದ ಕಾಲಮು ಸರಕಾರದ ಈ ಕೋಷ್ಟಕದಲ್ಲಿಯೂ ಇಲ್ಲ.

ಯಂತ್ರದ ಕಣ್ಣು ಹೇಗೆ ನೋಡುತ್ತದೆ?

ಕಣ್ಣಿನ ಚಲನೆಯನ್ನು ಅಳೆಯುವ ವಿದ್ಯೆ ಹೊಸದಲ್ಲ. 19ನೆಯ ಶತಮಾನದ ಕೊನೆಯಲ್ಲಿ ಅಮೇರಿಕೆಯ ಹ್ಯೂಯಿ ಎಂಬ ವಿದ್ವಾಂಸನು, ಓದುವವನ ಕಣ್ಣು ಸಾಲಿನ ಮೇಲೆ ಹೇಗೆ ಓಡುವದೆಂಬದನ್ನು ತಿಳಿಯಲು, ಪ್ಲಾಸ್ಟರಿನ ಒಂದು ಸಣ್ಣ ಬಟ್ಟಲನ್ನು ಕಣ್ಣುಗುಡ್ಡೆಗೆ ತೊಡಿಸಿ ಅದಕ್ಕೆ ಅಲ್ಯುಮಿನಿಯಮ್ಮಿನ ಕಡ್ಡಿಯನ್ನು ಕಟ್ಟಿದ್ದನು. ಅಷ್ಟು ಹಿಂಸೆಯಿಂದ ದೊರೆಯುತ್ತಿದ್ದ ಜ್ಞಾನವು ಇಂದು ಅಂಗುಲದಷ್ಟು ಕೆಮರಾದಿಂದ, ಮುಟ್ಟದೆಯೇ, ದೊರೆಯುತ್ತದೆ. ಮನುಷ್ಯನ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಸಣ್ಣ ದೀಪಗಳು ಚಾಲಕನ ಮುಖದ ಮೇಲೆ ಚೆಲ್ಲುತ್ತವೆ. ಕತ್ತಲೆಯಲ್ಲಿಯೂ ಕೆಮರಾವು ಆ ಬೆಳಕಿನಲ್ಲಿ ಕಣ್ಣಪಾಪೆಯನ್ನೂ, ಕಣ್ಣಿನ ಮೇಲೆ ಹೊಳೆಯುವ ಆ ದೀಪದ ಚುಕ್ಕೆಯನ್ನೂ ಗುರುತಿಸುತ್ತದೆ. ಅವೆರಡರ ನಡುವಿನ ಅಂತರದಿಂದ, ನೋಟವು ರಸ್ತೆಯ ಮೇಲಿದೆಯೋ ಕೈಯಲ್ಲಿಯ ಫೋನಿನ ಮೇಲಿದೆಯೋ ಎಂಬದನ್ನು ಗಣಕಯಂತ್ರವು ಲೆಕ್ಕ ಹಾಕುತ್ತದೆ.

ನಿದ್ದೆಯನ್ನು ಕಂಡುಹಿಡಿಯುವ ಕ್ರಮವು ಇನ್ನೂ ಸರಳವಾಗಿದೆ. ಎಚ್ಚರಿದ್ದವನ ರೆಪ್ಪೆಯು ಮುಚ್ಚಿದಷ್ಟೇ ಬೇಗ ತೆರೆಯುತ್ತದೆ. ತೂಕಡಿಸುವವನ ರೆಪ್ಪೆ ನಿಧಾನವಾಗಿ ಇಳಿದು, ಇಳಿದಲ್ಲಿಯೇ ಕೆಲ ಹೊತ್ತು ನಿಲ್ಲುತ್ತದೆ. ಒಂದು ನಿಮಿಷದಲ್ಲಿ ಎಷ್ಟು ಭಾಗದ ಕಾಲ ರೆಪ್ಪೆಯು ಪಾಪೆಯನ್ನು ನೂರಕ್ಕೆ 80ರಷ್ಟು ಅಥವಾ ಅದಕ್ಕೂ ಹೆಚ್ಚು ಮುಚ್ಚಿತ್ತೆಂಬ ಅಳತೆಯನ್ನು 1990ರ ದಶಕದಲ್ಲಿ ಅಮೇರಿಕೆಯ ಸಂಶೋಧಕರು ರೂಢಿಗೆ ತಂದರು. ಅದಕ್ಕೆ ‘ಪರ್‌ಕ್ಲೋಸ್’ ಎಂದು ಹೆಸರು. ಈ ಅಳತೆಯು ಮಿತಿ ಮೀರಿದಾಗ ಗಂಟೆ ಬಾರಿಸುತ್ತದೆ, ಇಲ್ಲವೇ ಆಸನವು ನಡುಗುತ್ತದೆ.

ಯಂತ್ರಕ್ಕೂ ಕುರುಡುತನವುಂಟೆಂಬದನ್ನು ಮರೆಯಬಾರದು. ಕಪ್ಪು ಕನ್ನಡಕ, ಓರೆ ಬಿಸಿಲು, ಹಣೆಯ ಮೇಲೆ ಜಗ್ಗಿದ ರುಮಾಲು, ಕೆಮರಾದ ಗಾಜಿನ ಮೇಲೆ ಕೂತ ಎರೆಭೂಮಿಯ ಧೂಳು ಇವುಗಳಲ್ಲಿ ಒಂದೊಂದೂ ಅದನ್ನು ಮೋಸಗೊಳಿಸಬಹುದು. ಹುಟ್ಟಿನಿಂದ ಸಣ್ಣ ಕಣ್ಣಿನವನನ್ನು ಅದು ನಿದ್ದೆಗಾರನೆಂದು ತಿಳಿಯಬಹುದು. ಬೇರೆ ದೇಶದ ಮುಖಗಳನ್ನು ನೋಡಿ ಕಲಿತ ಯಂತ್ರವು ನಮ್ಮ ದಾರಿಯ ಮೇಲೆ, ನಮ್ಮ ಜನರ ಮುಖದ ಮೇಲೆ ಪರೀಕ್ಷೆಯಾಗಬೇಕಾದದ್ದು ಅವಶ್ಯ.

ಹಣ ಬರುವ ದಾರಿ

ಇನ್ನು ಭಾಂಡವಲದ ವಿಚಾರ. ಸ್ವೀಡನ್ನಿನ ಸ್ಮಾರ್ಟ್ ಐ ಎಂಬ ಕಂಪನಿಯು 1999ರಲ್ಲಿ ಹುಟ್ಟಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಸೀಯಿಂಗ್ ಮಶೀನ್ಸ್ ಎಂಬದು 2000ದಲ್ಲಿ ಹುಟ್ಟಿ, 2005ರಲ್ಲಿ ಲಂಡನ್ನಿನ ಶೇರುಪೇಟೆಯನ್ನು ಪ್ರವೇಶಿಸಿತು. ಗಣಿಗಳಲ್ಲಿಯ ಭಾರೀ ವಾಹನಗಳೇ ಅದರ ಮೊದಲಿನ ದೊಡ್ಡ ಗಿರಾಕಿಗಳಲ್ಲಿ ಸೇರಿದ್ದವು. ಒಂದು ವಾಹನಕ್ಕೆ ಇಷ್ಟು ಎಂಬಂತೆ ಬರುವ ಅಲ್ಪ ಹುಟ್ಟುವಳಿಯನ್ನು ನಂಬಿದ ಇಂಥ ಕಂಪನಿಗಳು ಅನೇಕ ವರುಷ ಹಾನಿಯಲ್ಲಿಯೇ ನಡೆದವು. ಹಾಗಿದ್ದರೂ ಸಾಹುಕಾರರು ಕೈಬಿಡಲಿಲ್ಲ. 2021ರಲ್ಲಿ ಸ್ಮಾರ್ಟ್ ಐ ಕಂಪನಿಯು ಮುಖದ ಭಾವವನ್ನು ಓದುವ ಅಮೇರಿಕೆಯ ಅಫೆಕ್ಟಿವಾ ಎಂಬ ಸಂಸ್ಥೆಯನ್ನು ಏಳು ಕೋಟಿ ಡಾಲರಿಗೂ ಮಿಕ್ಕಿದ ಬೆಲೆಗೆ ಕೊಂಡಿತು. ಹಾನಿಯ ವ್ಯಾಪಾರದಲ್ಲಿ ಇಷ್ಟು ಉತ್ಸಾಹವೇಕೆ?

ಉತ್ತರವು ಕಾಯದೆಯಲ್ಲಿದೆ. ಯುರೋಪಿನ ಒಕ್ಕೂಟವು 2019ರಲ್ಲಿ ವಾಹನ ಸುರಕ್ಷತೆಯ ಹೊಸ ನಿಯಮವನ್ನು ಮಾಡಿತು. ಅದರಂತೆ ತೂಕಡಿಕೆಯನ್ನು ಎಚ್ಚರಿಸುವ ಸಾಧನವು 2022ರ ಜುಲೈಯಿಂದ ಹೊಸ ಮಾದರಿಗಳಿಗೂ 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ವಾಹನಗಳಿಗೂ ಕಡ್ಡಾಯವಾಯಿತು. ನೋಟವು ರಸ್ತೆಯನ್ನು ಬಿಟ್ಟು ಅಲೆಯುವದನ್ನು ಎಚ್ಚರಿಸುವ ಮತ್ತೊಂದು ಸಾಧನವು 2024ರ ಜುಲೈಯಿಂದ ಹೊಸ ಮಾದರಿಗಳಿಗೆ ಕಡ್ಡಾಯವಾಗಿ, ಎಲ್ಲ ಹೊಸ ವಾಹನಗಳಿಗೆ 2026ರ ಜುಲೈಯ ಗಡುವು ಗೊತ್ತಾಯಿತು. ಕೊಳ್ಳುವವನ ಮನಸ್ಸು ಬದಲಾಗಬಹುದು, ಕಾಯದೆಯ ಗಡುವು ಅಷ್ಟು ಸುಲಭವಾಗಿ ಬದಲಾಗುವದಿಲ್ಲ. ಗಿರಾಕಿಯು ಕಡ್ಡಾಯವಾಗಿ ಬರುವನೆಂದು ಗೊತ್ತಾದ ಅಂಗಡಿಗೆ ಭಾಂಡವಲು ಹಾಕಲು ಯಾರು ಹಿಂಜರಿಯುವರು?

ನಮ್ಮ ಜನರಿಗೆ ಇದು ಅರ್ಥವಾಗದ ಮಾತಲ್ಲ. ಕಪ್ಪತಗುಡ್ಡದ ಸುತ್ತಲೂ ಗಾಳಿ ಬೀಸುತ್ತಿರುವದು ನಿನ್ನೆ ಇಂದಿನಿಂದಲ್ಲ. ಆದರೂ ಗಾಳಿಯಂತ್ರಗಳು ನಮ್ಮ ಗುಡ್ಡಬಯಲುಗಳಲ್ಲಿ ಎದ್ದು ನಿಂತದ್ದು, ಅವು ಹುಟ್ಟಿಸುವ ವಿದ್ಯುತ್ತನ್ನು ಕೊಳ್ಳುವವರೂ ಅದರ ದರವೂ ಕರದ ಸವಲತ್ತೂ ನಿಶ್ಚಿತವಾದ ಮೇಲೆ. ಗಾಳಿಯಿದ್ದಷ್ಟಕ್ಕೆ ಹಣ ಬರಲಿಲ್ಲ. ಹಾಗೆಯೇ ಚಾಲಕನ ನಿದ್ದೆಯು ಹಳೆಯದು. ಅದರಲ್ಲಿ ಲಾಭವುಂಟೆಂಬ ತಿಳಿವಳಿಕೆಯು ಹೊಸದು.

ಭಾರತದಲ್ಲಿಯೂ ಕೇಂದ್ರ ಸಾರಿಗೆ ಮಂತ್ರಾಲಯವು 2025ರಲ್ಲಿ ಒಂದು ಕರಡು ನಿಯಮವನ್ನು ಹೊರಡಿಸಿ, ಎಂಟಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಹೊಸ ವಾಹನಗಳಲ್ಲಿಯೂ ಹೊಸ ಲಾರಿಗಳಲ್ಲಿಯೂ ತಾನಾಗಿ ಹತ್ತುವ ಬ್ರೇಕಿನ ಜೊತೆಗೆ ತೂಕಡಿಕೆಯ ಎಚ್ಚರಿಕೆಯ ಸಾಧನವೂ ಇರಬೇಕೆಂದು ಸೂಚಿಸಿತು. ಆ ಸಾಧನದ ಗುಣವನ್ನು ಗೊತ್ತುಪಡಿಸಲು ಎ.ಐ.ಎಸ್. 184 ಎಂಬ ಪ್ರಮಾಣವು ಸಿದ್ಧವಾಗಿದೆ. ಯುರೋಪಿನಲ್ಲಿ ಬೀಸಿದ ಗಾಳಿ ನಮ್ಮ ಗುಡ್ಡಕ್ಕೂ ಬಂದಿದೆಯೆಂದು ಹಣವಂತರು ತಿಳಿಯಲು ಇಷ್ಟು ಸಾಕು.

ಈ ವ್ಯಾಪಾರದಲ್ಲಿ ಕರ್ನಾಟಕದ ಪಾಲು ಚಿಕ್ಕದಲ್ಲ. 2015ರಲ್ಲಿ ಸ್ಥಾಪಿತವಾಗಿ ಅಮೇರಿಕೆಯ ಸ್ಯಾನ್ ಡಿಯೆಗೋ ಮತ್ತು ನಮ್ಮ ಬೆಂಗಳೂರುಗಳಲ್ಲಿ ನೆಲೆಸಿರುವ ನೆಟ್ರಾಡೈನ್ ಎಂಬ ಕಂಪನಿಯು ರಸ್ತೆಯನ್ನೂ ಚಾಲಕನನ್ನೂ ಏಕಕಾಲಕ್ಕೆ ನೋಡುವ ಕೆಮರಾವನ್ನು ಲಾರಿ ಸಂಸ್ಥೆಗಳಿಗೆ ಒದಗಿಸುತ್ತದೆ. 2021ರಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕಿನ ಮುಂದಾಳುತನದಲ್ಲಿ ಅದಕ್ಕೆ 15 ಕೋಟಿ ಡಾಲರು ದೊರೆಯಿತು. 2025ರ ಜನವರಿಯಲ್ಲಿ ಇನ್ನೂ 9 ಕೋಟಿ ಡಾಲರು ದೊರೆತು ಕಂಪನಿಯ ಬೆಲೆಯು 135 ಕೋಟಿ ಡಾಲರೆಂದು ಎಣಿಸಲ್ಪಟ್ಟಿತು. ಕನ್ನಡ ನಾಡಿನ ರಾಜಧಾನಿಯಲ್ಲಿ ಕುಳಿತು ಕೆಲಸ ಮಾಡುವ ತರುಣ ಎಂಜಿನಿಯರುಗಳ ಬುದ್ಧಿಯು ಲೋಕದ ಮಾರುಕಟ್ಟೆಯಲ್ಲಿ ಇಷ್ಟು ಮಾನ್ಯತೆಯನ್ನು ಗಳಿಸಿರುವದು ನಮಗೆ ಅಭಿಮಾನದ ಸಂಗತಿ.

ಲಾರಿಯ ಉದ್ಯಮವಂತೂ ಗದಗಿಗೆ ಮನೆಯ ಮಾತು. 1976ರಲ್ಲಿ ಈ ಊರಿನಲ್ಲಿಯೇ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಆರಂಭಿಸಿದ ಸಾಗಾಣಿಕೆಯ ವ್ಯವಹಾರವು ಬೆಳೆದು, ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು, ವಿ.ಆರ್.ಎಲ್. ಎಂಬ ಹೆಸರಿನಿಂದ ದೇಶದ ದೊಡ್ಡ ಲಾರಿ ಸಂಸ್ಥೆಗಳಲ್ಲಿ ಒಂದಾಗಿ, 2015ರಲ್ಲಿ ಶೇರುಪೇಟೆಯನ್ನು ಪ್ರವೇಶಿಸಿತು. ಒಂದು ಲಾರಿಯು ಸಾವಿರಾರು ಲಾರಿಗಳಾಗಬಲ್ಲದೆಂಬದನ್ನು ನಾವು ಕಂಡಿದ್ದೇವೆ. ಅಷ್ಟೇ ಸಂಖ್ಯೆಯ ಚಾಲಕರು ಇಲ್ಲದೆ ಅದಾವದೂ ಆಗಲಾರದೆಂಬದನ್ನೂ ನಾವೇ ಮೊದಲು ನೆನೆಯಬೇಕಾದವರು.

ಮರೆಯುವ ಕಣ್ಣು, ನೆನಪಿಡುವ ಕಣ್ಣು

ಇಲ್ಲಿ ವಾಚಕರು ಒಂದು ಭೇದವನ್ನು ಲಕ್ಷ್ಯವಿಟ್ಟು ಗ್ರಹಿಸಬೇಕೆಂದು ವಿನಂತಿ. ಈ ಯಂತ್ರಗಳಲ್ಲಿ ಎರಡು ಜಾತಿಗಳುಂಟು. ಮೊದಲನೆಯದು ಚಾಲಕನನ್ನು ನೋಡಿ, ಎಚ್ಚರಿಸಿ, ನೋಡಿದ್ದನ್ನು ಆ ಕ್ಷಣವೇ ಮರೆತುಬಿಡುತ್ತದೆ. ಎರಡನೆಯದು ನೋಡಿದ್ದನ್ನು ಬರೆದಿಟ್ಟು, ಚಿತ್ರ ಸಹಿತ ಮಾಲಕನ ಕಚೇರಿಗೆ ಕಳಿಸಿ, ಚಾಲಕನಿಗೆ ಪರೀಕ್ಷೆಯ ಅಂಕಗಳಂತೆ ಅಂಕ ಹಾಕುತ್ತದೆ. ಯುರೋಪಿನ ನಿಯಮವು ಮೊದಲನೆಯ ಜಾತಿಯನ್ನು ಕಡ್ಡಾಯ ಮಾಡಿತೇ ಹೊರತು ಎರಡನೆಯದನ್ನಲ್ಲ. ಅಲ್ಲಿಯ ಕಾಯದೆಯ ಪ್ರಕಾರ ಆ ಸಾಧನವು ತನ್ನ ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಯಾವ ಮಾಹಿತಿಯನ್ನೂ ಸಂಗ್ರಹಿಸಕೂಡದು. ಇದ್ದ ಮಾಹಿತಿಯು ವಾಹನದ ಹೊರಗಿನ ಮೂರನೆಯವರಿಗೆ ಸಿಗಕೂಡದು. ಕೆಲಸ ಮುಗಿದ ಕೂಡಲೆ ಅಳಿದುಹೋಗತಕ್ಕದ್ದು.

ಸಾಹುಕಾರನ ಮೆಚ್ಚಿಗೆ ಮಾತ್ರ ಎರಡನೆಯದರ ಮೇಲೆ ಹೆಚ್ಚು. ಅದು ಸಹಜವೂ ಆಗಿದೆ. ಮರೆಯುವ ಕಣ್ಣನ್ನು ಒಮ್ಮೆ ಮಾರಿದರೆ ವ್ಯಾಪಾರ ಮುಗಿಯಿತು. ನೆನಪಿಡುವ ಕಣ್ಣಿನಿಂದ ತಿಂಗಳು ತಿಂಗಳಿಗೆ ಬಾಡಿಗೆ ಹುಟ್ಟುತ್ತದೆ. ಅದರ ನೆನಪು ಮಾಲಕನಿಗೆ ಬೇಕು, ವಿಮೆಯವನಿಗೆ ಬೇಕು, ಹೊಸ ಯಂತ್ರಗಳಿಗೆ ಪಾಠ ಕಲಿಸಲು ಕಂಪನಿಗೂ ಬೇಕು.

ನೆನಪಿಡುವ ಕಣ್ಣು ಪೂರ್ಣವಾಗಿ ಕೆಟ್ಟದ್ದೆಂದು ನಾವು ಹೇಳುವದಿಲ್ಲ. ನಮ್ಮಲ್ಲಿ ಅಪಘಾತವಾದ ಕೂಡಲೆ ತಪ್ಪು ಯಾರದೆಂಬ ವಿಚಾರಣೆಗಿಂತ ಮೊದಲೇ ದೊಡ್ಡ ವಾಹನದ ಚಾಲಕನಿಗೆ ಏಟು ಬೀಳುವದುಂಟು. ಅಪಘಾತ ಮಾಡಿ ಓಡಿಹೋದವರಿಗೆ ಹತ್ತು ವರುಷಗಳ ವರೆಗೆ ಶಿಕ್ಷೆಯೆಂಬ ಹೊಸ ಕಲಮಿನ ವಿರುದ್ಧ 2024ರ ಜನವರಿಯ ಮೊದಲಲ್ಲಿ ದೇಶದ ಅನೇಕ ಕಡೆಗಳಲ್ಲಿ ಲಾರಿ ಚಾಲಕರು ಕೆಲಸ ನಿಲ್ಲಿಸಿದರು. ನಿಂತರೆ ಜನರ ಕೈಯಲ್ಲಿ ಸಾಯುವೆವು, ಓಡಿದರೆ ಸೆರೆಮನೆಯಲ್ಲಿ ಸಾಯುವೆವು ಎಂಬದು ಅವರ ಅಳಲಾಗಿತ್ತು. ಅಂಥವನ ಪರವಾಗಿ ಸುಳ್ಳಾಡದ ಸಾಕ್ಷಿಯೊಂದು ಲಾರಿಯಲ್ಲಿ ಇದ್ದರೆ ಅದು ಅವನ ಪಾಲಿಗೆ ಉಪಕಾರವೇ. ನೆಟ್ರಾಡೈನ್ ಕಂಪನಿಯೂ ತನ್ನ ಯಂತ್ರವು ತಪ್ಪನ್ನಷ್ಟೇ ಎಣಿಸದೆ ಒಳ್ಳೆಯ ಚಾಲನೆಗೂ ಅಂಕ ಕೊಡುವದೆಂದು ಹೇಳಿಕೊಳ್ಳುತ್ತದೆ.

ಆದರೆ ಸಾಕ್ಷಿಯು ಪಹರೆಯವನಾಗಿ ಮಾರ್ಪಡಲು ತಡವಾಗುವದಿಲ್ಲ. 2021ರಲ್ಲಿ ಅಮೇರಿಕೆಯ ಅಮೆಜಾನ್ ಕಂಪನಿಯ ಸಾಮಾನುಗಳನ್ನು ಮನೆಮನೆಗೆ ಮುಟ್ಟಿಸುವ ವಾಹನಗಳಲ್ಲಿ ಇಂಥ ಕೆಮರಾಗಳನ್ನು ಹಾಕಿದಾಗ, ಒಪ್ಪಿಗೆಪತ್ರಕ್ಕೆ ಸಹಿ ಮಾಡದ ಚಾಲಕನಿಗೆ ಕೆಲಸವಿಲ್ಲವೆಂಬ ಸ್ಥಿತಿ ಉಂಟಾಯಿತೆಂದು ಅಲ್ಲಿಯ ಪತ್ರಿಕೆಗಳು ವರದಿ ಮಾಡಿದವು. ಸೆನೆಟಿನ ಸದಸ್ಯರು ಕಂಪನಿಗೆ ಪತ್ರ ಬರೆದು ಪ್ರಶ್ನಿಸಿದರು. ಹೊಟ್ಟೆಯನ್ನು ಒತ್ತೆಯಿಟ್ಟು ಪಡೆದ ಒಪ್ಪಿಗೆಯು ಎಂಥ ಒಪ್ಪಿಗೆ?

ವ್ಯಕ್ತಿಯ ಖಾಸಗಿತನವು ಸಂವಿಧಾನವು ರಕ್ಷಿಸಿದ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಏಕಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಮೇಲೆ 2023ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಮಾಹಿತಿ ರಕ್ಷಣೆಯ ಕಾಯದೆಯಲ್ಲಿಯಾದರೋ, ನೌಕರಿಯ ಉದ್ದೇಶಕ್ಕಾಗಿಯೂ ಮಾಲಕನನ್ನು ಹಾನಿಯಿಂದ ರಕ್ಷಿಸುವದಕ್ಕಾಗಿಯೂ ನೌಕರನ ಮಾಹಿತಿಯನ್ನು ಅವನ ಒಪ್ಪಿಗೆಯಿಲ್ಲದೆ ಬಳಸಲು ಎಡೆಯುಂಟು. ಮುಂಬಾಗಿಲಿಗೆ ಅಗಳಿ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತೆ ಇದು ನಮಗೆ ತೋರುತ್ತದೆ. ಮುಂಡರಗಿಯ ಚಾಲಕನೊಬ್ಬನ ಮುಖವೂ ನೋಟವೂ ಆಕಳಿಕೆಯೂ ಎಲ್ಲಿಯದೋ ಯಂತ್ರದಲ್ಲಿ ಶೇಖರವಾಗಿ ಕುಳಿತರೆ ಅದನ್ನು ಅಳಿಸಿರೆಂದು ಕೇಳಲು ಅವನು ಯಾರ ಬಾಗಿಲಿಗೆ ಹೋಗಬೇಕು?

ನಿದ್ದೆಯ ಬೇರು

ಇದೆಲ್ಲಕ್ಕಿಂತ ಮೂಲದ ಮಾತೊಂದಿದೆ. ಯಂತ್ರವು ನಿದ್ದೆಯನ್ನು ಕಾಣಬಲ್ಲದು, ಕೊಡಲಾರದು. ಗಂಟೆ ಬಾರಿಸಿ ಎಬ್ಬಿಸಿದ ಮೇಲೆ ಚಾಲಕನು ಏನು ಮಾಡಬೇಕು? ಗಾಡಿಯನ್ನು ಬದಿಗೆ ನಿಲ್ಲಿಸಿ ಒಂದು ತಾಸು ಮಲಗಬೇಕೆಂದು ವೈದ್ಯನು ಹೇಳುವನು. ಮಾಲು ಲಿಲಾವಿಗೆ ತಪ್ಪಿದರೆ ಬಾಡಿಗೆಯಲ್ಲಿ ಕಡಿತವೆಂದು ವ್ಯಾಪಾರಿಯು ಹೇಳುವನು. ಮಲಗಲು ನಿರ್ಭಯವಾದ ಸ್ಥಳವೆಲ್ಲಿ, ಮಾಲನ್ನೂ ಡೀಸೆಲನ್ನೂ ಕಾಯುವವರಾರು ಎಂದು ಚಾಲಕನು ಕೇಳುವನು. ಈ ಮೂವರ ನಡುವೆ ಗಂಟೆಯ ಧ್ವನಿಯು ಅಡವಿಯಲ್ಲಿ ಕೂಗಿದಂತೆ ಆಗುವದು.

1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯದೆಯು ದಿನಕ್ಕೆ 8 ತಾಸು, ವಾರಕ್ಕೆ 48 ತಾಸು, 5 ತಾಸಿನೊಳಗೆ ಕನಿಷ್ಠ ಅರ್ಧ ತಾಸಿನ ವಿಶ್ರಾಂತಿ ಎಂದು ವಿಧಿಸಿತ್ತು. 1988ರ ಮೋಟಾರು ವಾಹನ ಕಾಯದೆಯ 91ನೆಯ ಕಲಮು ಚಾಲಕನ ಕೆಲಸದ ತಾಸುಗಳನ್ನು ಅದಕ್ಕೆ ಕಟ್ಟಿತು. ಅನಂತರ ಬಂದ 2020ರ ಶ್ರಮ ಸಂಹಿತೆಯೂ ಎಂಟು ತಾಸಿನ ತತ್ತ್ವವನ್ನು ಬಿಟ್ಟಿಲ್ಲ. ಆದರೆ 1961ರ ಕಾಯದೆಯು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಒಂದೋ ಎರಡೋ ಲಾರಿಗಳನ್ನು ಸಾಲದಿಂದ ಕೊಂಡು, ಕಂತು ತುಂಬಲು ಹಗಲಿರುಳು ಓಡಿಸುವ ನಮ್ಮ ಸಣ್ಣ ಮಾಲಕರೂ ಅವರ ಚಾಲಕರೂ ಆ ಕಾಯದೆಯ ಹೊಸ್ತಿಲ ಹೊರಗೆ ಉಳಿದರು. ಎಷ್ಟೋ ಕಡೆ ಮಾಲಕನೇ ಚಾಲಕ. ಅವನನ್ನು ದುಡಿಸಿಕೊಳ್ಳುವವನು ಸಾಲದ ಕಂತು.

ಯುರೋಪಿನಲ್ಲಿ ಕಣ್ಣಿನ ಯಂತ್ರವು ಬರುವದಕ್ಕಿಂತ ಬಹು ಮೊದಲೇ ತಾಸಿನ ಯಂತ್ರವು ಬಂದಿತ್ತು. ಅಲ್ಲಿ ಲಾರಿಯ ಚಾಲಕನು ದಿನಕ್ಕೆ ಸಾಮಾನ್ಯವಾಗಿ 9 ತಾಸಿಗಿಂತ ಹೆಚ್ಚು ಗಾಡಿ ನಡೆಸಕೂಡದು. ನಾಲ್ಕೂವರೆ ತಾಸಿಗೊಮ್ಮೆ 45 ನಿಮಿಷ ವಿಶ್ರಮಿಸಲೇಬೇಕು. ಇದನ್ನು ಟ್ಯಾಕೋಗ್ರಾಫ್ ಎಂಬ ಉಪಕರಣವು ದಾಖಲು ಮಾಡುತ್ತದೆ. ಮೊದಲು ವಿಶ್ರಾಂತಿಯ ಹಕ್ಕನ್ನು ಕೊಟ್ಟು, ಆ ಮೇಲೆ ಅದನ್ನು ಮೀರಿ ಬರುವ ಜೋಂಪನ್ನು ಹಿಡಿಯಲು ಕಣ್ಣನ್ನು ಇಟ್ಟರು. ನಾವು ಮೊದಲಿನ ಮೆಟ್ಟಿಲನ್ನು ಬಿಟ್ಟು ಎರಡನೆಯದಕ್ಕೆ ಹಾರಲು ಹೊರಟಿದ್ದೇವೆ. ಹಸಿದವನ ಹೊಟ್ಟೆಯ ಮೇಲೆ ಅಳತೆಯ ಪಟ್ಟಿ ಕಟ್ಟಿದ ಮಾತ್ರಕ್ಕೆ ಊಟವಾಗುವದೇ?

ಆಗಬೇಕಾದದ್ದೇನು?

ಯಂತ್ರವೇ ಬೇಡವೆಂದು ನಾವು ಹೇಳುತ್ತಿಲ್ಲ. ಬ್ಯಾಡಗಿ ತಾಲೂಕಿನ ಆ ಬೆಳಗಿನಂಥ ಬೆಳಗು ಒಂದಾದರೂ ಅದರಿಂದ ತಪ್ಪುವದಾದರೆ ಅದಕ್ಕೆ ಕೊಟ್ಟ ಬೆಲೆ ಹೆಚ್ಚಾಗದು. ಆದರೆ ಅದು ನಮ್ಮ ಷರತ್ತಿನ ಮೇಲೆ ಬರಬೇಕು.

ಮೊದಲನೆಯದಾಗಿ, ಸರಕಾರವು ಕಡ್ಡಾಯ ಮಾಡುವ ಸಾಧನವು ಮರೆಯುವ ಕಣ್ಣಾಗಿರಬೇಕು, ಮತ್ತು ನಿಯಮದಲ್ಲಿ ಹಾಗೆಂದು ಸ್ಪಷ್ಟವಾಗಿ ಬರೆದಿರಬೇಕು. ಮಾಲಕನು ನೆನಪಿಡುವ ಕಣ್ಣನ್ನು ಹಾಕಿಸುವದಾದರೆ, ಅಪಘಾತದ ಹಿಂದುಮುಂದಿನ ಕೆಲವು ನಿಮಿಷಗಳನ್ನು ಬಿಟ್ಟು ಉಳಿದದ್ದು ಗೊತ್ತಾದ ಅವಧಿಯಲ್ಲಿ ಅಳಿಯಬೇಕು. ಉಳಿದ ಭಾಗದ ಪ್ರತಿಯು ಚಾಲಕನಿಗೂ ದೊರೆಯಬೇಕು. ಯಂತ್ರದ ಒಂದೇ ಮಾತಿನ ಮೇಲಿಂದ ಯಾರ ಪಗಾರವನ್ನೂ ಕಡಿಯಕೂಡದು.

ಎರಡನೆಯದಾಗಿ, ಗಂಟೆಯ ಲೆಕ್ಕವು ಚಾಲಕನ ಪರೀಕ್ಷೆಯಾಗುವಷ್ಟೇ ವೇಳಾಪತ್ರಿಕೆಯ ಪರೀಕ್ಷೆಯೂ ಆಗಬೇಕು. ಒಂದೇ ಸರದಿಯಲ್ಲಿ, ಒಂದೇ ಹೊತ್ತಿಗೆ, ಬೇರೆ ಬೇರೆ ಚಾಲಕರಿಗೆ ಗಂಟೆ ಬಾರಿಸುತ್ತಿದ್ದರೆ ತಪ್ಪು ಚಾಲಕರದಲ್ಲ, ಸರದಿಯನ್ನು ಬರೆದವರದು. ಹುಬ್ಬಳ್ಳಿಯಲ್ಲಿ ಕೇಂದ್ರವುಳ್ಳ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯಂಥ ಸಾರ್ವಜನಿಕ ಸಂಸ್ಥೆಗಳು ಈ ರೀತಿಯನ್ನು ಕೈಕೊಂಡರೆ ಖಾಸಗಿಯವರಿಗೂ ಮೇಲ್ಪಂಕ್ತಿಯಾಗುವದು. ಹೆಸರುಗಳನ್ನು ತೆಗೆದು, ದಾರಿ ಮತ್ತು ಹೊತ್ತುಗಳನ್ನಷ್ಟೇ ಪ್ರಕಟಿಸಿದರೆ, ಎಲ್ಲಿ ವಿಶ್ರಾಂತಿಯ ಸ್ಥಳ ಬೇಕೆಂಬದು ಅಧಿಕಾರಿಗಳಿಗೆ ತಾನಾಗಿಯೇ ತಿಳಿಯುವದು.

ಮೂರನೆಯದಾಗಿ, ಮಾಲು ತುಂಬುವ ಊರುಗಳಲ್ಲಿಯೇ ಮಲಗುವ ಏರ್ಪಾಡು ಆಗಬೇಕು. ಗದಗ, ಲಕ್ಷ್ಮೇಶ್ವರ, ಮುಂಡರಗಿಗಳ ಮಾರುಕಟ್ಟೆಯ ಆವಾರಗಳಲ್ಲಿ ಕೆಲವು ಹೊರಸುಗಳು, ಸ್ನಾನಕ್ಕೆ ನೀರು, ಗಾಡಿಗಳಿಗೆ ಒಬ್ಬ ಕಾವಲುಗಾರ ಇಷ್ಟಕ್ಕೆ ಕೋಟಿ ಡಾಲರು ಬೇಕಾಗಿಲ್ಲ. ಭರ್ತಿಯಾಗುವ ವರೆಗೆ ಚಾಲಕನು ಲಾರಿಯ ನೆರಳಿನಲ್ಲಿ ಕುಳಿತಿರುವ ಬದಲು ಮಲಗಿ ಎದ್ದರೆ, ರಾತ್ರಿಯ ಅರ್ಧ ಅಪಾಯವು ಹೊರಡುವ ಮೊದಲೇ ಕಳೆದಂತೆ.

ನಾಲ್ಕನೆಯದಾಗಿ, ಸಣ್ಣ ಮಾಲಕರು ಒಬ್ಬೊಬ್ಬರಾಗಿ ಕಂಪನಿಯ ಬಾಗಿಲಿಗೆ ಹೋಗದೆ ಕೂಡಿ ಹೋಗಬೇಕು. ಇದನ್ನು ಗದಗಿನ ಜನರಿಗೆ ಬೇರೆಯವರು ಕಲಿಸಬೇಕೇ? ಸನ್ 1905ರಲ್ಲಿ ಈ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊಟ್ಟಮೊದಲಿನ ಕೃಷಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಬಡ್ಡಿಯ ಸಾಹುಕಾರನ ಎದುರಿಗೆ ಒಂಟಿಯಾಗಿ ನಿಂತ ರೈತನು ಸೋಲುವನು, ಕೂಡಿ ನಿಂತವನು ಮಾತಾಡಬಲ್ಲನು ಎಂಬದೇ ಆ ಸಂಘದ ಅರ್ಥ. ಲಾರಿಯ ಸಣ್ಣ ಮಾಲಕರೂ ಚಾಲಕರೂ ಅಂಥದೇ ಸಂಘವನ್ನು ಕಟ್ಟಿಕೊಂಡು ಯಂತ್ರವನ್ನು ಒಟ್ಟಾಗಿ ಕೊಂಡರೆ ಬೆಲೆಯೂ ಇಳಿಯುವದು, ನೆನಪಿನ ಬೀಗದ ಕೈಯೂ ಸಂಘದ ಕೈಯಲ್ಲಿ ಉಳಿಯುವದು. ಸುರಕ್ಷಿತವಾಗಿ ನಡೆದ ಗಾಡಿಗೆ ವಿಮೆಯ ಕಂತನ್ನು ಇಳಿಸಿರೆಂದು ಕೇಳುವ ಬಲವೂ ಬರುವದು.

ನಮ್ಮ ವಾಚಕರಲ್ಲಿ ಶೇರುಗಳಲ್ಲಿ ಹಣ ತೊಡಗಿಸುವವರೂ ಇದ್ದಾರೆ. ಅವರಿಗೆ ನಮ್ಮ ಸೂಚನೆ ಇಷ್ಟೇ. ಇಂಥ ಕಂಪನಿಯ ಕಾಗದವನ್ನು ಕೈಯಲ್ಲಿ ಹಿಡಿದಾಗ ಲಾಭವೆಷ್ಟೆಂದು ಕೇಳುವದರ ಜೊತೆಗೆ, ಇದು ಮರೆಯುವ ಕಣ್ಣೋ ನೆನಪಿಡುವ ಕಣ್ಣೋ ಎಂದೂ ಕೇಳಿರಿ. ಕಾಯದೆಯ ಬಲದಿಂದ ಬಂದ ಗಿರಾಕಿಯು ಕಾಯದೆಯ ಬದಲಾವಣೆಯಿಂದ ಹೋಗಲೂಬಹುದು. ಕೆಲಸಗಾರನ ವಿಶ್ವಾಸವನ್ನು ಗಳಿಸಿದ ಯಂತ್ರವು ಮಾತ್ರ ಬಹುಕಾಲ ನಿಲ್ಲುವದು. ಹೆದರಿಸುವ ಕಣ್ಣಿಗೆ ಚಾಲಕನು ಬಟ್ಟೆ ಮುಚ್ಚುವನು. ಕಾಯುವ ಕಣ್ಣನ್ನು ತಾನೇ ಒರೆಸಿಡುವನು.

ಕಣ್ಣಿನ ಬೆಲೆಯನ್ನು ಗದಗಿಗೆ ಯಾರೂ ಹೇಳಬೇಕಾಗಿಲ್ಲ. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ತಾವು ದೃಷ್ಟಿಯಿಲ್ಲದವರಾಗಿದ್ದೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟು ಬಾಳಿನ ದಾರಿ ತೋರಿದ ಊರು ಇದು. ಅವರು ಮಕ್ಕಳ ಕೊರತೆಯನ್ನು ಎಣಿಸುತ್ತ ಕೂಡಲಿಲ್ಲ. ಕೊರತೆಯಿದ್ದವನಿಗೆ ಬೇಕಾದದ್ದನ್ನು ಒದಗಿಸಿದರು. ಇಂದು ರಾತ್ರಿಯೂ ನಮ್ಮ ಪೇಟೆಯಿಂದ ಲಾರಿಗಳು ಹೊರಡುತ್ತವೆ. ಅವುಗಳಲ್ಲಿ ಒಬ್ಬೊಬ್ಬ ಮನುಷ್ಯನು ನಮ್ಮೆಲ್ಲರ ಮಾಲನ್ನು ಹೊತ್ತು, ನಾವು ಮಲಗಿರುವಾಗ ಎಚ್ಚರವಿರುತ್ತಾನೆ. ಅವನ ಕಣ್ಣನ್ನು ಕಾಯಲು ಯಂತ್ರ ಬರಲಿ. ಆದರೆ ಅದಕ್ಕೂ ಮುಂಚೆ ಅವನಿಗೆ ಒಂದು ಹೊರಸು, ಒಂದು ನೆರಳು, ಎಂಟು ತಾಸಿನ ಕೆಲಸವು ಮುಗಿದ ಮೇಲೆ ಸಾಕೆಂದು ಹೇಳುವ ಅಧಿಕಾರ ಇವು ಬರಲಿ.